ಡಾಟ್ ಆದಮೇಲಿನ ಅಕ್ಷರಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸಿನಿಮಾ ಸ್ಕ್ಯಾನಿಂಗ್, ಡಿಐ (ಸಿನಿಮಾದ ಬಣ್ಣ ತಿದ್ದುವ ಡಿಜಿಟಲ್ ಹಂತ), ಡಿಸಿಪಿ (ಥಿಯೇಟರಿಗೆ ಕೊಡುವ ಡಿಜಿಟಲ್ ಪ್ರತಿ) ಸುತ್ತಲೇ ಇವೆ. ಫೋನಿನ ಫೋಟೋ ಕುರಿತ ಒಂದು ಪ್ರಶ್ನೆಯನ್ನು ಬೇಕೆಂದೇ ಮೊದಲು ಇಟ್ಟಿದ್ದೇವೆ. ಅದು ತಿಳಿದರೆ ಮುಂದಿನದ್ದು ಸಲೀಸು.

ಪ್ರಶ್ನೆ: ಐಫೋನಿನಲ್ಲಿ ತೆಗೆದ ಫೋಟೋ ‘ಎಚ್‌ಇಐಸಿ’ ಅಂತ ಬರುತ್ತಿದೆ. ಅರ್ಜಿ ತುಂಬುವ ವೆಬ್‌ಸೈಟ್ ಜೆಪಿಜಿ ಮಾತ್ರ ಕೇಳುತ್ತದೆ. ರೀನೇಮ್ ಮಾಡಿ ಕೊನೆಗೆ ಜೆಪಿಜಿ ಎಂದು ಹಾಕಿದರೂ ‘ಇನ್‌ವ್ಯಾಲಿಡ್ ಫೈಲ್’ ಎನ್ನುತ್ತದೆ. ಯಾಕೆ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ರೀನೇಮ್ ಮಾಡಿದಾಗ ಬದಲಾಗುವುದು ಹೆಸರು ಮಾತ್ರ, ಒಳಗಿನ ಒಂದು ಬೈಟೂ ಅಲುಗುವುದಿಲ್ಲ. ಡಾಟ್ ಆದಮೇಲಿನ ಮೂರು ನಾಲ್ಕು ಅಕ್ಷರ (ಎಕ್ಸ್‌ಟೆನ್ಶನ್) ನೋಡಿ ವಿಂಡೋಸ್ ಈ ಫೈಲನ್ನು ಯಾವ ಪ್ರೋಗ್ರಾಂಗೆ ಕೊಡಬೇಕು ಎಂದು ತೀರ್ಮಾನಿಸುತ್ತದೆ, ಅಷ್ಟೇ. ಫೈಲನ್ನು ನಿಜವಾಗಿ ಓದಬೇಕಾದ ಪ್ರೋಗ್ರಾಂ ನೋಡುವುದು ಶುರುವಿನ ಕೆಲವು ಬೈಟುಗಳನ್ನು. ಜೆಪೆಗ್ ಆದರೆ ಮೊದಲೆರಡು ಬೈಟು, ಹೆಕ್ಸ್ (ಹದಿನಾರರ) ಲೆಕ್ಕದಲ್ಲಿ, ಎಫ್‌ಎಫ್ ಮತ್ತು ಡಿ8. ಎಚ್‌ಇಐಸಿಯಲ್ಲಿ ಐದನೇ ಬೈಟಿನಿಂದ ‘ಎಫ್‌ಟಿವೈಪಿ’ ಎಂಬ ನಾಲ್ಕು ಅಕ್ಷರ, ಅದಾದ ಕೂಡಲೇ ಫಾರ್ಮ್ಯಾಟಿನ ಹೆಸರು ಇರುತ್ತದೆ. ವೆಬ್‌ಸೈಟಿನ ಸರ್ವರ್ ಅದನ್ನೇ ಪರೀಕ್ಷಿಸಿ ತಿರಸ್ಕರಿಸಿದೆ. ಕೆಲವು ಫೋಟೋ ವ್ಯೂವರ್‌ಗಳು ಹೆಸರು ತಪ್ಪಿದ್ದರೂ ಒಳಗೆ ನೋಡಿ ಚಿತ್ರ ತೋರಿಸಿಬಿಡುತ್ತವೆ. ‘ನನ್ನ ಕಂಪ್ಯೂಟರ್‌ನಲ್ಲಿ ತೆರೆಯುತ್ತಲ್ಲ’ ಎಂಬ ಗೊಂದಲ ಹುಟ್ಟುವುದು ಅಲ್ಲಿಂದ.

ಬೇಕಾದದ್ದು ರೀನೇಮ್ ಅಲ್ಲ, ಕನ್ವರ್ಶನ್. ಮ್ಯಾಕ್‌ನಲ್ಲಿ ಪ್ರಿವ್ಯೂ ತೆರೆದು ಫೈಲ್, ಎಕ್ಸ್‌ಪೋರ್ಟ್, ಜೆಪೆಗ್. ವಿಂಡೋಸ್‌ನಲ್ಲಿ ಚಿತ್ರ ತೆರೆಯುವುದಾದರೆ ಪೇಂಟ್‌ನಲ್ಲಿ ಸೇವ್ ಆ್ಯಸ್, ಜೆಪೆಗ್ ಪಿಕ್ಚರ್. ತೆರೆಯದಿದ್ದರೆ ಮೊದಲು ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಎಚ್‌ಇಐಎಫ್ ಇಮೇಜ್ ಎಕ್ಸ್‌ಟೆನ್ಶನ್ ಎಂಬ ಪುಟ್ಟ ಸಾಫ್ಟ್‌ವೇರ್ ಹಾಕಿಕೊಳ್ಳಿ. ಮುಂದೆ ತೆಗೆಯುವ ಫೋಟೋಗಳು ಜೆಪೆಗ್ ಆಗಿಯೇ ಬರಬೇಕೆಂದರೆ ಫೋನಿನ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ. ಫೈಲ್ ಸೈಜು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. 2017ರಲ್ಲಿ ಐಒಎಸ್ 11ರೊಂದಿಗೆ ಆ್ಯಪಲ್ ಎಚ್‌ಇಐಸಿಗೆ ಹೋದದ್ದೇ ಜಾಗ ಉಳಿಸಲು.

ಪ್ರಶ್ನೆ: ನಮ್ಮ ತಂದೆ 1980ರ ದಶಕದಲ್ಲಿ ನಿರ್ಮಿಸಿದ ಸಿನಿಮಾದ ನೆಗೆಟಿವ್ ಸ್ಕ್ಯಾನ್ ಮಾಡಿಸಿದೆವು. ಲ್ಯಾಬಿನವರು ಹಾರ್ಡ್ ಡಿಸ್ಕ್ ಕೊಟ್ಟಿದ್ದಾರೆ. ಅದರಲ್ಲಿ ಸಿನಿಮಾವೇ ಇಲ್ಲ, ಡಿಪಿಎಕ್ಸ್ ಎಂಬ ಎರಡು ಲಕ್ಷಕ್ಕೂ ಹೆಚ್ಚು ಫೈಲ್‌ಗಳಿವೆ. ಧ್ವನಿಯೂ ಇಲ್ಲ. ಮೋಸ ಹೋದೆವೇ? (ನಿರ್ಮಾಪಕರ ಕುಟುಂಬದವರು, ಬೆಂಗಳೂರು)

ಉತ್ತರ: ಇಲ್ಲ. ಸರಿಯಾದದ್ದನ್ನೇ ಕೊಟ್ಟಿದ್ದಾರೆ. ಒಂದೊಂದು ಫೈಲೂ ನೆಗೆಟಿವ್‌ನ ಒಂದೊಂದು ಫ್ರೇಮ್. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಎರಡೂವರೆ ಗಂಟೆಯ ಚಿತ್ರಕ್ಕೆ 2,16,000 ಫೈಲ್ ಆಗುತ್ತವೆ. ಕೋಡಾಕ್ ಸಂಸ್ಥೆಯ ಸಿನಿಯಾನ್ ಫಾರ್ಮ್ಯಾಟ್‌ನಿಂದ ಬೆಳೆದು, 1994ರಲ್ಲಿ ಸಿನಿಮಾ-ಟಿವಿ ಎಂಜಿನಿಯರ್‌ಗಳ ಸಂಘವಾದ ಎಸ್‌ಎಂಪಿಟಿಇಯ ಮಾನಕವಾದ ಫಾರ್ಮ್ಯಾಟ್ ಈ ಡಿಪಿಎಕ್ಸ್. ಫಿಲಂ ಸ್ಕ್ಯಾನಿಂಗ್‌ನಲ್ಲಿ ಇಂದಿಗೂ ಅದರದ್ದೇ ಕಾರುಬಾರು. ಕಂಪ್ರೆಶನ್ ಇಲ್ಲ, ಒಂದು ಫ್ರೇಮ್ ಕೆಟ್ಟರೆ ಹೋಗುವುದು ಅದೊಂದೇ, ಮಿಕ್ಕ ಸಿನಿಮಾ ಸುರಕ್ಷಿತ.

ನೀವು ಮೊದಲು ಮಾಡಬೇಕಾದದ್ದು ಸಿನಿಮಾ ನೋಡುವುದಲ್ಲ, ಲೆಕ್ಕ ತಾಳೆ ಹಾಕುವುದು. ಹಣ ಪೂರ್ತಿ ಪಾವತಿಸುವ ಮುಂಚೆಯೇ ಮಾಡಿದರೆ ಇನ್ನೂ ಒಳ್ಳೆಯದು. ಹಳೆಯ ಸೆನ್ಸಾರ್ ಸರ್ಟಿಫಿಕೇಟ್‌ನಲ್ಲಿ ಚಿತ್ರದ ಉದ್ದ ಮೀಟರ್‌ಗಳಲ್ಲಿ ಇರುತ್ತದೆ. 35 ಎಂಎಂ ಫಿಲಂನಲ್ಲಿ ಒಂದು ಅಡಿಗೆ 16 ಫ್ರೇಮ್, ಅಂದರೆ ಒಂದು ಮೀಟರ್‌ಗೆ ಸುಮಾರು 52.5 ಫ್ರೇಮ್. ಸರ್ಟಿಫಿಕೇಟ್‌ನಲ್ಲಿ 4,115 ಮೀಟರ್ ಎಂದಿದ್ದರೆ ಫೈಲುಗಳ ಸಂಖ್ಯೆ 2,16,000ದ ಆಸುಪಾಸು ಇರಬೇಕು. ರೀಲಿನ ತುದಿಗಳಲ್ಲಿರುವ ಲೀಡರ್ (ಸಿನಿಮಾದ ಭಾಗವಲ್ಲದ ಫಿಲಂ ತುಂಡು) ಕೂಡ ಸ್ಕ್ಯಾನ್ ಆಗಿದ್ದರೆ ಕೊಂಚ ಜಾಸ್ತಿಯೇ ಬರುತ್ತದೆ. ಹತ್ತು ಹನ್ನೆರಡು ಸಾವಿರ ಕಡಿಮೆ ಬಂದರೆ ಮಾತ್ರ ಲ್ಯಾಬಿಗೆ ಫೋನ್ ಮಾಡಿ. ಸಾವಿರ ಅಡಿಯ ಒಂದು ರೀಲ್ ಅಂದರೆ 16,000 ಫ್ರೇಮ್, 11 ನಿಮಿಷ. ಹಾಡೊಂದು ಎರಡು ದೃಶ್ಯ ಕಾಣೆಯಾಗಿರುವ ಸಾಧ್ಯತೆ ಇದೆ.

ಆಮೇಲೆ ಪ್ರತಿ ರೀಲಿನ ಫೋಲ್ಡರ್ ತೆರೆದು ಎರಡು ವಿಷಯ ನೋಡಿ. ಕೊನೆಯ ಫೈಲಿನ ನಂಬರ್‌ನಿಂದ ಮೊದಲ ಫೈಲಿನ ನಂಬರ್ ಕಳೆದು ಒಂದು ಕೂಡಿಸಿದರೆ ಬರುವ ಸಂಖ್ಯೆಯೂ ಫೋಲ್ಡರಿನಲ್ಲಿರುವ ಫೈಲುಗಳ ಸಂಖ್ಯೆಯೂ ಒಂದೇ ಆಗಬೇಕು. ಆಗದಿದ್ದರೆ ನಡುವೆ ಫ್ರೇಮ್ ಬಿಟ್ಟುಹೋಗಿದೆ. ಎರಡನೆಯದಾಗಿ, ಸೈಜ್ ಪ್ರಕಾರ ಸಾರ್ಟ್ ಮಾಡಿ. ಒಂದೇ ಸ್ಕ್ಯಾನಿನ ಡಿಪಿಎಕ್ಸ್‌ಗಳೆಲ್ಲ ಬೈಟಿಗೆ ಬೈಟು ಒಂದೇ ಅಳತೆ ಇರುತ್ತವೆ. 2ಕೆ ಫುಲ್ ಅಪರ್ಚರ್ (ಫ್ರೇಮನ್ನು ಪೂರ್ತಿಯಾಗಿ ಸ್ಕ್ಯಾನ್ ಮಾಡುವುದು) ಎಂದರೆ 2048×1556 ಪಿಕ್ಸೆಲ್. 10 ಬಿಟ್‌ನ ಮೂರು ಬಣ್ಣ ಸೇರಿ 30 ಬಿಟ್, ಅದನ್ನು 32 ಬಿಟ್‌ನಲ್ಲಿ ಕೂರಿಸುವುದರಿಂದ ಪಿಕ್ಸೆಲ್‌ಗೆ 4 ಬೈಟು. ಒಟ್ಟು 1,27,46,752 ಬೈಟು, ಅದರ ಮೇಲೆ 2,048 ಬೈಟಿನ ಹೆಡರ್ (ಚಿತ್ರದ ವಿವರ ಬರೆದಿರುವ ಆರಂಭದ ಭಾಗ). ಕೆಲವು ಸ್ಕ್ಯಾನರ್‌ಗಳು ಹೆಡರ್‌ಗೆ 8,192 ಬೈಟು ಇಡುತ್ತವೆ. ಯಾವುದಾದರೂ ಸರಿ, ಎಲ್ಲವೂ ಸಮ ಇರಬೇಕು. ಸಾರ್ಟ್ ಮಾಡಿದಾಗ ತುದಿಯಲ್ಲಿ ಸೊನ್ನೆ ಬೈಟಿನದೋ ಅರ್ಧ ಅಳತೆಯದೋ ಕಂಡರೆ ಕಾಪಿ ಮಾಡುವಾಗ ಕೆಟ್ಟ ಫ್ರೇಮ್ ಅದೇ. ಅದರ ನಂಬರ್ ಬರೆದು ಕಳಿಸಿದರೆ ಲ್ಯಾಬಿನವರು ಅಷ್ಟನ್ನೇ ಮತ್ತೆ ಕೊಡುತ್ತಾರೆ. ಈ ಕೆಲಸ ಮಾಡುವಾಗ ಫೋಲ್ಡರನ್ನು ‘ಡೀಟೇಲ್ಸ್’ ನೋಟದಲ್ಲಿಡಿ. ಥಂಬ್‌ನೇಲ್ ನೋಟ ಇಟ್ಟರೆ ಕಂಪ್ಯೂಟರ್ ಅಲ್ಲೇ ಕೂತುಬಿಡುತ್ತದೆ.

ನೋಡಲು ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಸಾಕು. ಹೊಸ ಪ್ರಾಜೆಕ್ಟ್ ತೆರೆದ ಕೂಡಲೇ, ಒಂದು ಫೈಲನ್ನೂ ಒಳಗೆ ತರುವ ಮೊದಲು, ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ರೇಟ್ 24 ಮಾಡಿ. ಕ್ಲಿಪ್ ಬಂದಮೇಲೆ ಅದನ್ನು ಬದಲಿಸಲು ಬಿಡುವುದಿಲ್ಲ. 25ಕ್ಕೆ ಬಿಟ್ಟರೆ 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ, ಧ್ವನಿ ಕೂಡಿಸುವಾಗ ತುಟಿಗೂ ಮಾತಿಗೂ ತಾಳವೇ ಇರುವುದಿಲ್ಲ. ಮೀಡಿಯಾ ಪೇಜಿನ ಮೂರು ಚುಕ್ಕಿ ಮೆನುವಿನಲ್ಲಿ ಫ್ರೇಮ್ ಡಿಸ್‌ಪ್ಲೇ ಮೋಡ್ ಅನ್ನು ‘ಸೀಕ್ವೆನ್ಸ್’ ಮಾಡಿದರೆ ಸಾವಿರಾರು ಫೈಲು ಒಂದೇ ಕ್ಲಿಪ್ ಆಗಿ ಕಾಣುತ್ತವೆ.

ಚಿತ್ರ ತಡೆತಡೆದು ಓಡುತ್ತದೆ, ಗಾಬರಿ ಬೇಡ. ಫ್ರೇಮಿಗೆ 12.7 ಎಂಬಿ, ಸೆಕೆಂಡಿಗೆ 24 ಎಂದರೆ ಸೆಕೆಂಡಿಗೆ 306 ಎಂಬಿ ಓದಬೇಕು. ಸಾಮಾನ್ಯ ಹಾರ್ಡ್ ಡಿಸ್ಕ್ ಅಷ್ಟು ವೇಗ ಕೊಡುವುದಿಲ್ಲ. ರಿಸಾಲ್ವ್‌ನಲ್ಲೇ ಪ್ರಾಕ್ಸಿ (ನೋಡಲಷ್ಟೇ ಸಾಲುವ ಹಗುರ ಪ್ರತಿ) ಮಾಡಿಕೊಂಡು ನೋಡಿ. ಮುಖಗಳೆಲ್ಲ ಸೌತೆಕಾಯಿಯಂತೆ ಉದ್ದಕ್ಕೆ ಕಂಡರೆ ನಿಮ್ಮದು ಅಗಲ ಚಿತ್ರವನ್ನು ಅಕ್ಕಪಕ್ಕದಿಂದ ಒತ್ತಿ ಫಿಲಂಗೆ ಇಳಿಸಿದ ಸಿನಿಮಾಸ್ಕೋಪ್ ಚಿತ್ರ. ಕ್ಲಿಪ್ ಆಟ್ರಿಬ್ಯೂಟ್ಸ್‌ನಲ್ಲಿ ಪಿಕ್ಸೆಲ್ ಆಸ್ಪೆಕ್ಟ್ ರೇಶಿಯೋವನ್ನು ಸಿನಿಮಾಸ್ಕೋಪ್ ಮಾಡಿ, ನೆಟ್ಟಗಾಗುತ್ತದೆ. ಚಿತ್ರ ಪೇಲವವಾಗಿ, ಮಂಜು ಕವಿದಂತೆ ಕಾಣುವುದಕ್ಕೆ ಉತ್ತರ ಮುಂದಿನ ಪ್ರಶ್ನೆಯಲ್ಲಿದೆ.

ಇನ್ನು ಧ್ವನಿ. ಪಿಕ್ಚರ್ ನೆಗೆಟಿವ್‌ನಲ್ಲಿ ಧ್ವನಿ ಇರುವುದೇ ಇಲ್ಲ. ಅದು ಬೇರೆ ಸೌಂಡ್ ನೆಗೆಟಿವ್‌ನಲ್ಲಿ ಅಥವಾ ಪ್ರಿಂಟಿನ ಅಂಚಿನಲ್ಲಿ ಇರುತ್ತದೆ, ಅಥವಾ ಮ್ಯಾಗ್ನೆಟಿಕ್ ಟೇಪಿನಲ್ಲಿ. ಅದನ್ನು ಪ್ರತ್ಯೇಕವಾಗಿ ಟ್ರಾನ್ಸ್‌ಫರ್ ಮಾಡಿಸಿ, ರೀಲಿಗೊಂದರಂತೆ 48 ಕಿಲೋಹರ್ಟ್ಜ್, 24 ಬಿಟ್ ವೇವ್ ಫೈಲ್ ಕೇಳಿ ಪಡೆಯಿರಿ. ಎಂಪಿ3 ಕೊಟ್ಟರೆ ವಾಪಸ್ ಕೊಡಿ. ಸೌಂಡ್ ನೆಗೆಟಿವ್ ಹಾಳಾಗಿದ್ದರೆ ಯಾವುದಾದರೂ ಹಳೆಯ ಪ್ರಿಂಟ್ ಹುಡುಕಬೇಕಾಗುತ್ತದೆ. ಚಿತ್ರಕ್ಕೆ ಮಾತ್ರ ಪ್ರಿಂಟ್‌ಗಿಂತ ನೆಗೆಟಿವ್ ಯಾವಾಗಲೂ ಮೇಲು, ಒಂದೆರಡು ತಲೆಮಾರು ನಕಲಾಗಿ ಬಂದ ಪ್ರಿಂಟಿನಲ್ಲಿ ನೆರಳಿನ ವಿವರ ಅಷ್ಟಷ್ಟೇ ಕಳೆದಿರುತ್ತದೆ. 1977ರ ‘ಘಟಶ್ರಾದ್ಧ’ವನ್ನು 4ಕೆಯಲ್ಲಿ ರಿಸ್ಟೋರ್ ಮಾಡಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲು ಸಾಧ್ಯವಾದದ್ದೂ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಮೂಲ ಕ್ಯಾಮೆರಾ ನೆಗೆಟಿವ್ ಉಳಿದಿದ್ದರಿಂದ. ಸ್ಕ್ಯಾನ್ ಆಯಿತೆಂದು ಡಬ್ಬಿಗಳನ್ನು ಗುಜರಿಗೆ ಹಾಕಬೇಡಿ.

ಕೊನೆಯದಾಗಿ ಬ್ಯಾಕಪ್. 2ಕೆ ಆದರೆ ಇಡೀ ಚಿತ್ರ ಸುಮಾರು 2.75 ಟಿಬಿ, 4ಕೆ ಆದರೆ 11 ಟಿಬಿ. ಎರಡು ಬೇರೆ ಡಿಸ್ಕ್‌ಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇಡಿ. ಲ್ಯಾಬಿನವರಿಂದ ಎಂಡಿ5 ಚೆಕ್‌ಸಮ್ (ಫೈಲಿನ ಬೈಟುಗಳಿಂದ ಲೆಕ್ಕ ಹಾಕಿದ ಗುರುತು) ಪಟ್ಟಿ ಕೇಳಿ, ಪ್ರತಿ ಕಾಪಿಯ ನಂತರ ಅದಕ್ಕೆ ತಾಳೆ ನೋಡಿ. ಜಾಗ ಉಳಿಸಬೇಕೆಂದರೆ ರಾಕುಕ್ಡ್ ಎಂಬ ಸಾಫ್ಟ್‌ವೇರ್ ಇದೆ. ಅದು ಒಂದು ರೀಲಿನ ಡಿಪಿಎಕ್ಸ್‌ಗಳನ್ನೆಲ್ಲ ಏನೂ ಕಳೆಯದೆ ಕುಗ್ಗಿಸುವ ಎಫ್‌ಎಫ್‌ವಿ1 ಕೋಡೆಕ್‌ನಲ್ಲಿ ಒಂದೇ ಎಂಕೆವಿ ಫೈಲಾಗಿ ಕಟ್ಟುತ್ತದೆ, ಬೇಕಾದಾಗ ಹೆಡರ್ ಸಮೇತ ಅದೇ ಬೈಟುಗಳನ್ನು ಬಿಚ್ಚಿಕೊಡುತ್ತದೆ. ಎಂಪಿ4 ಮಾಡಿಸಿಕೊಂಡು ಡಿಪಿಎಕ್ಸ್ ಅಳಿಸಿದರೆ ಮಾತ್ರ ಮತ್ತೆ ನೆಗೆಟಿವ್‌ಗೇ ಹೋಗಬೇಕು.

ಪ್ರಶ್ನೆ: ವಿಎಫ್‌ಎಕ್ಸ್ (ವಿಶುವಲ್ ಎಫೆಕ್ಟ್ಸ್) ಕಲಿಯುತ್ತಿದ್ದೇನೆ. ಒಬ್ಬರು ಡಿಪಿಎಕ್ಸ್ ಕೊಡು ಅನ್ನುತ್ತಾರೆ, ಇನ್ನೊಬ್ಬರು ಇಎಕ್ಸ್‌ಆರ್, ಮತ್ತೊಬ್ಬರು ಟಿಫ್. ಮೂರೂ ಚಿತ್ರಗಳೇ ತಾನೆ? ಡಿಪಿಎಕ್ಸ್ ತೆರೆದಾಗ ಬಣ್ಣ ತೊಳೆದುಹೋದಂತೆ ಇರುವುದೇಕೆ? (ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಎರಡನೆಯದರಿಂದ ಶುರು ಮಾಡೋಣ. ಫಿಲಂ ಸ್ಕ್ಯಾನಿನ 10 ಬಿಟ್ ಡಿಪಿಎಕ್ಸ್‌ನಲ್ಲಿ ಬೆಳಕನ್ನು ಲಾಗರಿದಂ ಲೆಕ್ಕದಲ್ಲಿ ಬರೆದಿರುತ್ತಾರೆ. 0ಯಿಂದ 1023ರವರೆಗಿನ ಅಂಕಿಗಳಲ್ಲಿ ಕಪ್ಪು 95ರಲ್ಲಿ, ಸಾಮಾನ್ಯ ಬಿಳಿ 685ರಲ್ಲಿ ಕೂರುತ್ತದೆ. 685ರ ಮೇಲೆ ಉಳಿದ ಜಾಗ ದೀಪ, ಹೊಳಪು, ಬಿಸಿಲಿನ ಆಕಾಶಕ್ಕೆ. ಇದನ್ನು ಸಾಮಾನ್ಯ ವ್ಯೂವರ್ ಹಾಗೆಯೇ ಪರದೆಗೆ ಚೆಲ್ಲಿದರೆ ಕಪ್ಪು ಬೂದಿಯಾಗಿ, ಬಿಳಿ ಮಂಕಾಗಿ ಕಾಣದೆ ಇನ್ನೇನು? ಏನೂ ಕಳೆದಿಲ್ಲ. ವಿಎಫ್‌ಎಕ್ಸ್ ಸಾಫ್ಟ್‌ವೇರ್ ನ್ಯೂಕ್‌ನಲ್ಲಿ ರೀಡ್ ನೋಡ್‌ನ ಕಲರ್‌ಸ್ಪೇಸ್ ‘ಸಿನಿಯಾನ್’ ಇದೆಯೇ ನೋಡಿ. ರಿಸಾಲ್ವ್‌ನಲ್ಲಿ ಕಲರ್ ಸ್ಪೇಸ್ ಟ್ರಾನ್ಸ್‌ಫಾರ್ಮ್ ಹಾಕಿ ಇನ್‌ಪುಟ್ ಗಾಮಾ ‘ಸಿನಿಯಾನ್ ಫಿಲಂ ಲಾಗ್’, ಔಟ್‌ಪುಟ್ ಗಾಮಾ 2.4 ಕೊಡಿ.

ಕಷ್ಟ ಬರುವುದು ಇಲ್ಲಿ: ಡಿಪಿಎಕ್ಸ್ ಎಂಬ ಹೆಸರಿನೊಳಗೆ ಲಾಗ್ ಇರಬಹುದು, ಲೀನಿಯರ್ ಇರಬಹುದು, ಟಿವಿಯ ರೆಕ್ 709 ಕೂಡ ಇರಬಹುದು. ಎಕ್ಸ್‌ಟೆನ್ಶನ್ ಅದನ್ನು ಹೇಳುವುದಿಲ್ಲ. ಹೇಳಬೇಕಾದ್ದು ಹೆಡರ್. ಎಚ್‌ಎಕ್ಸ್‌ಡಿಯಂಥ ಹೆಕ್ಸ್ ಎಡಿಟರ್‌ನಲ್ಲಿ ಒಂದು ಫ್ರೇಮ್ ತೆರೆದರೆ ಶುರುವಿನಲ್ಲೇ ‘ಎಸ್‌ಡಿಪಿಎಕ್ಸ್’ ಎಂಬ ನಾಲ್ಕು ಅಕ್ಷರ ಕಾಣುತ್ತವೆ. ಅವೇ ಉಲ್ಟಾ ಇದ್ದರೆ ಫೈಲ್ ಲಿಟಲ್ ಎಂಡಿಯನ್ (ಬೈಟುಗಳನ್ನು ಹಿಂದುಮುಂದಾಗಿ ಬರೆದದ್ದು), ಅಷ್ಟೇ, ಕೆಟ್ಟಿಲ್ಲ. ಸೊನ್ನೆಯಿಂದ ಎಣಿಸಿ 801ನೇ ಬೈಟಿಗೆ ಹೋಗಿ, ಹೆಕ್ಸ್ ಲೆಕ್ಕದಲ್ಲಿ ಅದು 321. ಅಲ್ಲಿ 1 ಇದ್ದರೆ ಪ್ರಿಂಟಿಂಗ್ ಡೆನ್ಸಿಟಿ (ಫಿಲಂ ಸಾಂದ್ರತೆಯ ಲೆಕ್ಕ), 2 ಇದ್ದರೆ ಲೀನಿಯರ್, 3 ಇದ್ದರೆ ಲಾಗ್. ಎರಡು ಬೈಟು ಮುಂದೆ, 803ರಲ್ಲಿ ಬಿಟ್ ಡೆಪ್ತ್ ಇದೆ: 10 ಬಿಟ್ ಆದರೆ ‘0ಎ’ ಎಂದು ತೋರಿಸುತ್ತದೆ. ಆದರೆ 801ನ್ನು ಕಣ್ಣುಮುಚ್ಚಿ ನಂಬಬೇಡಿ. ಎಷ್ಟೋ ಸಾಫ್ಟ್‌ವೇರ್‌ಗಳು ಏನು ಬರೆದರೂ ಅಲ್ಲಿ ಒಂದೇ ಅಂಕಿ ಗೀಚಿ ಕೈತೊಳೆದುಕೊಳ್ಳುತ್ತವೆ. ಹಾಗಾಗಿ ಶಾಟ್ ಕೊಡುವಾಗ ‘10 ಬಿಟ್, ಸಿನಿಯಾನ್ ಲಾಗ್, 2048×1556’ ಎಂದು ಫೋಲ್ಡರ್ ಹೆಸರಿನಲ್ಲೋ ಟೆಕ್ಸ್ಟ್ ಫೈಲಿನಲ್ಲೋ ಬರೆದು ಕೊಡುವುದು ಒಳ್ಳೆಯ ಅಭ್ಯಾಸ.

ಇಎಕ್ಸ್‌ಆರ್ ಹುಟ್ಟಿದ್ದೇ ವಿಎಫ್‌ಎಕ್ಸ್‌ಗಾಗಿ. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆ 1999ರಲ್ಲಿ ಶುರು ಮಾಡಿ 2003ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ಪ್ರತಿ ಬಣ್ಣಕ್ಕೂ 16 ಬಿಟ್ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆ. ಪರದೆಯ ಬಿಳಿ 1.0 ಆದರೆ ದೀಪದ ಜ್ವಾಲೆ 20 ಅಥವಾ 50 ಆಗಿ ಉಳಿಯಬಹುದು, ಮಿತಿ 65,504. ಎಕ್ಸ್‌ಪೋಶರ್ ಇಳಿಸಿದಾಗ ಬಿಳಿಯೊಳಗಿನ ವಿವರ ವಾಪಸ್ ಬರುವುದು ಅದರಿಂದಲೇ. ಮಾಸ್ಕ್, ಡೆಪ್ತ್, ನೆರಳು ಎಲ್ಲವನ್ನೂ ಬೇರೆ ಬೇರೆ ಚಾನೆಲ್‌ಗಳಾಗಿ ಒಂದೇ ಫೈಲಿನಲ್ಲಿ ಇಡಬಹುದು. ಕಂಪ್ರೆಶನ್ ಆರಿಸುವಾಗ ಎಚ್ಚರ: ಜಿಪ್, ಪಿಜ್ ಎರಡೂ ಲಾಸ್‌ಲೆಸ್, ಅಂದರೆ ಏನೂ ಕಳೆಯದೆ ಕುಗ್ಗಿಸುತ್ತವೆ. ಗ್ರೇನ್ ಇರುವ ಫಿಲಂ ಸ್ಕ್ಯಾನ್‌ಗೆ ಪಿಜ್ ಚೆನ್ನಾಗಿ ಹಿಂಡುತ್ತದೆ. ಕಂಪೋಸಿಟಿಂಗ್‌ನಲ್ಲಿ (ಚಿತ್ರದ ಪದರಗಳನ್ನು ಕೂಡಿಸುವಾಗ) ಬೇಗ ಓದಿಸಿಕೊಳ್ಳುವುದು ಒಂದು ಸಾಲಿನ ಜಿಪ್. ಡಿಡಬ್ಲ್ಯುಎಎ, ಡಿಡಬ್ಲ್ಯುಎಬಿ ಎಂದಿದ್ದರೆ ಅದು ಲಾಸಿ, ವಿವರ ಸ್ವಲ್ಪ ಕಳೆಯುತ್ತದೆ. ಪ್ರಿವ್ಯೂಗೆ ಸರಿ, ಫೈನಲ್ ಡೆಲಿವರಿಗೆ ಕೇಳದೆ ಹಾಕಬೇಡಿ. ಇನ್ನೊಂದು ಮಾಮೂಲಿ ಎಡವಟ್ಟು: ಸಿಜಿ ರೆಂಡರ್ ಫ್ರೇಮಿನ ಮೂಲೆಗೆ ಸರಿದು ಕೂರುವುದು. ಇಎಕ್ಸ್‌ಆರ್ ಖಾಲಿ ಅಂಚನ್ನು ಬಿಟ್ಟು, ಚಿತ್ರ ಇರುವ ಭಾಗವನ್ನಷ್ಟೇ ‘ಡೇಟಾ ವಿಂಡೋ’ ಎಂದು ಉಳಿಸಬಲ್ಲದು. ತೆರೆಯುವ ಸಾಫ್ಟ್‌ವೇರ್ ‘ಡಿಸ್‌ಪ್ಲೇ ವಿಂಡೋ’ ಗಮನಿಸದಿದ್ದರೆ ಹೀಗಾಗುತ್ತದೆ. ರೆಂಡರ್ ಸೆಟ್ಟಿಂಗ್‌ನಲ್ಲಿ ಆಟೋಕ್ರಾಪ್ ತೆಗೆದು ಮತ್ತೆ ಕೊಡಿ.

ಟಿಫ್ 1986ರಿಂದ ಇದೆ, ಪ್ರಿಂಟಿಂಗ್ ಲೋಕದ್ದು. 16 ಬಿಟ್ ಟಿಫ್ ಪೋಸ್ಟರ್‌ಗೆ, ಟೈಟಲ್ ಕಾರ್ಡ್‌ಗೆ, ಡಿಸಿಪಿ ಮಾಡುವ ಮುಂಚಿನ ಮಾಸ್ಟರ್‌ಗೆ ಚೆನ್ನ. ಒಟ್ಟಿನಲ್ಲಿ ಸ್ಕ್ಯಾನ್ ಡಿಪಿಎಕ್ಸ್‌ನಲ್ಲಿ, ವಿಎಫ್‌ಎಕ್ಸ್ ಇಎಕ್ಸ್‌ಆರ್‌ನಲ್ಲಿ, ಸ್ಥಿರಚಿತ್ರ ಟಿಫ್‌ನಲ್ಲಿ. ಯಾರಾದರೂ ಬೇರೆ ಕೇಳಿದರೆ ವಾದ ಬೇಡ, ಅವರ ಪೈಪ್‌ಲೈನ್ ಅವರದು. ಫ್ರೇಮ್ ನಂಬರ್‌ಗೆ ಮಾತ್ರ ಮುಂದೆ ಸೊನ್ನೆ ತುಂಬಿ, 0001 ಎಂದೇ ಬರೆಯಿರಿ. ಬರೀ 1, 2 ಎಂದು ಬರೆದರೆ ಎಷ್ಟೋ ಪ್ರೋಗ್ರಾಂಗಳಲ್ಲಿ 1 ಆದಮೇಲೆ 10 ಬಂದು ಕೂರುತ್ತದೆ.

ಪ್ರಶ್ನೆ: 8 ಬಿಟ್ ಜೆಪಿಜಿಯನ್ನು 16 ಬಿಟ್ ಟಿಫ್ ಮಾಡಿದರೆ ಕ್ವಾಲಿಟಿ ಹೆಚ್ಚುತ್ತದೆಯೇ? (ಸ್ಟುಡಿಯೋ ಮಾಲೀಕರು, ಹಾಸನ)

ಉತ್ತರ: ಇಲ್ಲ, ಸೈಜ್ ಹೆಚ್ಚುತ್ತದೆ. ಬಣ್ಣಕ್ಕೆ 256 ಮೆಟ್ಟಿಲಷ್ಟೇ ಉಳಿಸಿದ ಮೇಲೆ ಹೊಸ ಮೆಟ್ಟಿಲು ಎಲ್ಲಿಂದಲೂ ಬರುವುದಿಲ್ಲ. ಮುಂದೆ ತುಂಬ ಎಡಿಟಿಂಗ್ ಇದ್ದರೆ ಮಾತ್ರ ಒಂದು ಲಾಭ: ಪ್ರತಿ ಸಲ ಸೇವ್ ಮಾಡಿದಾಗ ಜೆಪೆಗ್ ಇನ್ನಷ್ಟು ಕೆಡುವುದು ತಪ್ಪುತ್ತದೆ. ಕ್ಯಾಮೆರಾದಲ್ಲಿ ರಾ (ಸಂಸ್ಕರಿಸದ ಮೂಲ ಫೈಲ್) ಇದ್ದರೆ ಅದರಿಂದ ಟಿಫ್ ಮಾಡಿ.

ಪ್ರಶ್ನೆ: ನಮ್ಮ 20 ನಿಮಿಷದ ಕಿರುಚಿತ್ರಕ್ಕೆ ಡಿಸಿಪಿ ಮಾಡಿಸಿದೆವು. ಪೆನ್‌ಡ್ರೈವ್‌ಗೆ ಕಾಪಿಯೇ ಆಗುತ್ತಿಲ್ಲ. ಕಂಪ್ಯೂಟರ್‌ನಲ್ಲಿ ಎಂಎಕ್ಸ್‌ಎಫ್ ತೆರೆದರೆ ಧ್ವನಿ ಇಲ್ಲ, ಬಣ್ಣ ವಿಚಿತ್ರ. ಫೈಲ್ ಹೆಸರುಗಳು ಉದ್ದುದ್ದ ಅಂಕಿ ಅಕ್ಷರ. ಚಿತ್ರದ ಹೆಸರಿಡಬಹುದೇ? (ಕಿರುಚಿತ್ರ ತಂಡ, ಮೈಸೂರು)

ಉತ್ತರ: ದಯವಿಟ್ಟು ಒಂದಕ್ಷರವನ್ನೂ ಮುಟ್ಟಬೇಡಿ. ಡಿಸಿಪಿ ಎಂದರೆ ಒಂದು ಫೈಲ್ ಅಲ್ಲ, ಇಡೀ ಫೋಲ್ಡರ್. ಅಸೆಟ್‌ಮ್ಯಾಪ್ ಎಂಬ ಫೈಲ್ ಯಾವ ಗುರುತಿನ ಸಂಖ್ಯೆಗೆ ಯಾವ ಫೈಲ್ ಎಂದು ಹೇಳುತ್ತದೆ, ಪಿಕೆಎಲ್ ಪ್ರತಿಯೊಂದರ ಸೈಜ್ ಮತ್ತು ಹ್ಯಾಶ್ (ಚೆಕ್‌ಸಮ್‌ನಂಥ ಗುರುತು) ಇಟ್ಟುಕೊಂಡಿರುತ್ತದೆ, ಸಿಪಿಎಲ್ ಎಂಬುದು ಚಿತ್ರವನ್ನೂ ಧ್ವನಿಯನ್ನೂ ಯಾವ ಕ್ರಮದಲ್ಲಿ ಓಡಿಸಬೇಕೆಂಬ ಪಟ್ಟಿ. ಹೆಸರು ಬದಲಿಸಿದರೆ ಥಿಯೇಟರ್ ಸರ್ವರ್‌ಗೆ ಫೈಲ್ ಸಿಗುವುದಿಲ್ಲ. ಸಿಪಿಎಲ್ ಅನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಒಂದು ಸ್ಪೇಸ್ ಸೇರಿ ಸೇವ್ ಆದರೂ ಹ್ಯಾಶ್ ತಾಳೆಯಾಗದೆ ಇಂಜೆಸ್ಟ್ (ಸರ್ವರ್‌ಗೆ ತುಂಬಿಸುವ ಕೆಲಸ) ಅರ್ಧಕ್ಕೇ ನಿಲ್ಲುತ್ತದೆ. ಪರದೆಯ ಮೇಲೆ ಆಪರೇಟರ್‌ಗೆ ಕಾಣುವ ಹೆಸರು ಸಿಪಿಎಲ್ ಒಳಗಿರುತ್ತದೆ. ಅದನ್ನು ಬದಲಿಸಬೇಕಿದ್ದರೆ ಡಿಸಿಪಿ ಮಾಡಿದವರೇ ಮಾಡಬೇಕು.

ಕಾಪಿ ಆಗದಿರುವುದು ಪೆನ್‌ಡ್ರೈವ್ ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿರುವುದರಿಂದ. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಡಿಸಿಪಿ ಚಿತ್ರದ ಗರಿಷ್ಠ ವೇಗ ಸೆಕೆಂಡಿಗೆ 250 ಮೆಗಾಬಿಟ್, 20 ನಿಮಿಷಕ್ಕೆ 37 ಜಿಬಿವರೆಗೂ ಹೋಗಬಹುದು. ಸರ್ವರ್‌ಗಳು ಲಿನಕ್ಸ್ ಆಧಾರಿತವಾದ್ದರಿಂದ ಇಎಕ್ಸ್‌ಟಿ2 ಅಥವಾ ಇಎಕ್ಸ್‌ಟಿ3, ಐನೋಡ್ ಸೈಜ್ 128 ಇಟ್ಟು ಫಾರ್ಮ್ಯಾಟ್ ಮಾಡಿದ ಡ್ರೈವ್ ಎಲ್ಲಕ್ಕಿಂತ ಸುರಕ್ಷಿತ. ಅನೇಕ ಸರ್ವರ್‌ಗಳು ಎನ್‌ಟಿಎಫ್‌ಎಸ್ ಓದುತ್ತವೆ, ಆದರೆ ಥಿಯೇಟರಿನವರನ್ನು ಮೊದಲೇ ಕೇಳಿಬಿಡಿ. ಮ್ಯಾಕ್‌ನಿಂದ ಕಾಪಿ ಮಾಡಿದರೆ ಚುಕ್ಕಿ ಮತ್ತು ಅಡಿಗೆರೆಯಿಂದ ಶುರುವಾಗುವ ಪುಟ್ಟ ಫೈಲುಗಳು ಸೇರಿಕೊಂಡಿರಬಹುದು. ಅವನ್ನು ಮಾತ್ರ ಅಳಿಸಬಹುದು.

ಎಂಎಕ್ಸ್‌ಎಫ್ ಬರೀ ಡಬ್ಬ. ಅದರೊಳಗೆ ಕ್ಯಾಮೆರಾದ ವಿಡಿಯೋನೂ ಇರಬಹುದು, ಟಿವಿ ಚಾನೆಲ್ಲಿನದೂ ಇರಬಹುದು. ಡಿಸಿಪಿಯಲ್ಲಿ ಚಿತ್ರಕ್ಕೊಂದು, ಧ್ವನಿಗೊಂದು ಬೇರೆ ಎಂಎಕ್ಸ್‌ಎಫ್ ಇರುವುದರಿಂದ ಧ್ವನಿ ಕೇಳಿಸಲಿಲ್ಲ. ಚಿತ್ರ 12 ಬಿಟ್ ಜೆಪೆಗ್ 2000, ಬಣ್ಣ ಮಾಮೂಲಿ ಕೆಂಪು-ಹಸಿರು-ನೀಲಿಯ ಆರ್‌ಜಿಬಿಯಲ್ಲಲ್ಲ, ಎಕ್ಸ್‌ವೈಜಡ್ ಎಂಬ ಬೇರೆ ಲೆಕ್ಕದಲ್ಲಿ, ಗಾಮಾ 2.6. ಮಾಮೂಲಿ ಪ್ಲೇಯರ್ ಅದನ್ನು ಆರ್‌ಜಿಬಿ ಎಂದು ತಿಳಿದು ತೋರಿಸಿದರೆ ಚರ್ಮದ ಬಣ್ಣವೂ ಹಸಿರಾಡುತ್ತದೆ. ಡಿಸಿಪಿ-ಓ-ಮ್ಯಾಟಿಕ್ ಉಚಿತ ಸಾಫ್ಟ್‌ವೇರ್ ಜೊತೆ ಪ್ಲೇಯರ್, ವೆರಿಫೈಯರ್ ಎರಡೂ ಬರುತ್ತವೆ. ಮೊದಲು ವೆರಿಫೈಯರ್ ಓಡಿಸಿ, ಆಮೇಲೆ ಪ್ಲೇಯರ್‌ನಲ್ಲಿ ಫೋಲ್ಡರನ್ನೇ ತೆರೆಯಿರಿ. ಅಳತೆಯೂ ನೋಡಿ: 2ಕೆಯಲ್ಲಿ ಸ್ಕೋಪ್ ಆದರೆ 2048×858, ಫ್ಲಾಟ್ ಆದರೆ 1998×1080. ಯೂಟ್ಯೂಬ್‌ಗೆಂದು ಮಾಡಿದ 1920×1080 ಚಿತ್ರವನ್ನು ಫ್ಲಾಟ್‌ನಲ್ಲಿ ಕೂರಿಸಿದರೆ ಎರಡೂ ಬದಿಗೆ 39 ಪಿಕ್ಸೆಲ್ ಕಪ್ಪು ಪಟ್ಟಿ ಬರುತ್ತದೆ, ಅದು ತಪ್ಪಲ್ಲ.

ಪ್ರಶ್ನೆ: ಜೆಪಿಜಿ, ಜೆಪಿಇಜಿ ಬೇರೆ ಬೇರೆಯೇ? ಟಿಐಎಫ್, ಟಿಐಎಫ್‌ಎಫ್? (ಓದುಗರೊಬ್ಬರು, ಕಲಬುರಗಿ)

ಉತ್ತರ: ಒಂದೇ. ಎಂಎಸ್-ಡಾಸ್ ಕಾಲದಲ್ಲಿ ಹೆಸರಿಗೆ ಎಂಟು, ಎಕ್ಸ್‌ಟೆನ್ಶನ್‌ಗೆ ಮೂರು ಅಕ್ಷರದ ಮಿತಿ ಇತ್ತು. ವಿಂಡೋಸ್ 95 ಅದನ್ನು ಸಡಿಲಿಸಿತು, ಮೂರಕ್ಷರದ ರೂಢಿ ಉಳಿಯಿತು. ಈ ಎರಡು ಜೋಡಿಗಳಲ್ಲಿ ಮಾತ್ರ ನಿಶ್ಚಿಂತೆಯಿಂದ ರೀನೇಮ್ ಮಾಡಬಹುದು.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಮದುವೆ ಆಮಂತ್ರಣ ಎಂದು ಬಂದ ಫೈಲ್ ಮುಟ್ಟಿದರೆ ‘ಇನ್‌ಸ್ಟಾಲ್’ ಕೇಳುತ್ತದೆ. ಏನಿದು? (ಓದುಗರೊಬ್ಬರು, ತುಮಕೂರು)

ಉತ್ತರ: ಹೆಸರಿನ ಕೊನೆ ನೋಡಿ, ಎಪಿಕೆ ಎಂದಿರುತ್ತದೆ. ಅದು ಆಮಂತ್ರಣವಲ್ಲ, ಆ್ಯಂಡ್ರಾಯ್ಡ್ ಆ್ಯಪ್. ಎಸ್‌ಎಂಎಸ್ ಓದಿ ಒಟಿಪಿ ಕದಿಯುವುದು ಇಂಥವುಗಳ ಮಾಮೂಲಿ ಕಸುಬು. ಟ್ರಾಫಿಕ್ ದಂಡದ ಚಲನ್ ಎಂಬ ಹೆಸರಿನಲ್ಲೂ ಬರುತ್ತವೆ. ನಿಜವಾದ ಆಮಂತ್ರಣ ಚಿತ್ರವೋ, ವಿಡಿಯೋವೋ, ಪಿಡಿಎಫ್ಪೋ ಆಗಿರುತ್ತದೆ, ಬೇರೇನೂ ಆಗಿರಬೇಕಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಹುಡುಕಿ, ವಾಟ್ಸ್ಆ್ಯಪ್ ಎದುರಿನ ಅನುಮತಿ ಆಫ್ ಮಾಡಿ.

ಕಂಪ್ಯೂಟರ್‌ನಲ್ಲಿ ಇದೇ ಆಟ ಇನ್ನೊಂದು ರೂಪದಲ್ಲಿದೆ. ವಿಂಡೋಸ್ ತನಗೆ ಗೊತ್ತಿರುವ ಎಕ್ಸ್‌ಟೆನ್ಶನ್‌ಗಳನ್ನು ಮರೆಮಾಡುವುದರಿಂದ ‘ಪಿಡಿಎಫ್ ಡಾಟ್ ಇಎಕ್ಸ್‌ಇ’ ಎಂದು ಮುಗಿಯುವ ಫೈಲು ಬರೀ ಪಿಡಿಎಫ್‌ನಂತೆ ಕಾಣುತ್ತದೆ. ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಟಿಕ್ ಮಾಡಿ, ಪೂರ್ತಿ ಹೆಸರು ಕಾಣಲಿ.

ಈಗಾಗಲೇ ಇನ್‌ಸ್ಟಾಲ್ ಮಾಡಿದ್ದರೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆ ಆ್ಯಪ್ ತೆಗೆದುಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.